ಬಿಟ್ಟ ಸ್ಥಳ

ಊರಿಗಾಂ,
೯-೮-೧೯೬೪

ಪೆಟ್ಟಿಗೆಯಲ್ಲಿ ಪಾಠ ಬರೆದವರಿಗೆ,

ನನ್ನ ಹೆಸರು ಕದಿರಮ್ಮ. ನಾನು ಊರಿಗಾಂನಲ್ಲಿ ಚಿನ್ನದ ಗಣಿ ಕೆಲಸದವರ ಲೈನಿನಲ್ಲಿ ಇದ್ದೇನೆ. ನಾನು ಇಡ್ಲಿ ಮಾರುತ್ತೇನೆ. ಇದು ನಾನು ಬರೆದ ಮೊದಲನೆಯ ಕಾಗದ.

ಇಲ್ಲಿಯ ವಾಚನಾಲಯದಲ್ಲಿ ಕಲಿಸುವ ಪೆಟ್ಟಿಗೆ ಇದೆ. ಅದರ ಹಿಂದೆ ಶ್ರೀರಾಮಪ್ಪ, ಉಪಾಧ್ಯಾಯರು, ಬಂಗಾರಪೇಟೆ ಎಂದು ಬರೆದಿದೆ. ವಾಚನಾಲಯ ನೋಡಿಕೊಳ್ಳುವ ಪೆರುಮಾಳ್ ನನ್ನನ್ನು ನೋಡಿ ನಗುತ್ತಾರೆ. ‘ಅದ್ರೊಳಗೆ ಆಳಿಲ್ಲಮ್ಮಾ, ಬರೀ ಕಾಗದದ ಸುರುಳಿ’ ಎನ್ನುತ್ತಾರೆ. ಸುರುಳಿಯನ್ನು ಯಾರಾದರೂ ಬರೆದಿರಬೇಕು. ಅವರಿಗೆ ಈ ಕಾಗದ.

ಪೆಟ್ಟಿಗೆಯ ಕಿಟಕಿಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಎಂದು ಬರುತ್ತದೆ. ‘ಮರದ ಮೇಲೆ ಹಕ್ಕಿ ........’ ಎಂದು ಬರುತ್ತದೆ. ನಾನು ‘ಇದೆ’ ಎಂದು ಬರೆಯುತ್ತೇನೆ. ಹಿಡಿ ತಿರುಗಿಸುತ್ತೇನೆ. ಆಗ ‘ಇದೆ. ಸರಿ. ನೀವು ಚೆನ್ನಾಗಿ ಕಲಿಯುತ್ತಿದ್ದೀರಿ’ ಎಂದು ಬರುತ್ತದೆ. ಮೊದಮೊದಲು ಚಿತ್ರದ ಪಕ್ಕದಲ್ಲಿ ಒಂದೊಂದೇ ಅಕ್ಷರ ಬರುತ್ತಿತ್ತು. ಆಗ ನನಗೆ ಈ ಮಾತನ್ನು ಓದಲು ಬರುತ್ತಿರಲಿಲ್ಲ. ಈಗ ಬರುತ್ತದೆ. ನನಗೆ ಯಾರೂ ಹಾಗೆ ಹೇಳಿರಲಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ. ಆ ಮಾತು ಎಲ್ಲರಿಗೂ ಬರುತ್ತದೆಯೇ? ನನಗೆ ಮಾತ್ರ ಬರುತ್ತದೆಯೇ?

ಇಂತಿ,
ಕದಿರಮ್ಮ


ಬಂಗಾರಪೇಟೆ,
೧೬-೮-೧೯೬೪

ಕದಿರಮ್ಮನವರಿಗೆ,

ಪೆಟ್ಟಿಗೆಗೆ ಕಾಗದ ಬರೆದವರು ನೀವೊಬ್ಬರೇ. ಶಾಲೆಗೆ ಹೊರಟವನು ಬಾಗಿಲಲ್ಲೇ ನಿಂತು ಓದಿದೆ, ಸಂಜೆ ಬಂದು ಮತ್ತೆ ಓದಿದೆ.

ನಿಮ್ಮ ಪ್ರಶ್ನೆಗೆ ಒಂದು ಸುಳ್ಳು ಹೇಳಿಬಿಡೋಣ ಎನಿಸಿತು. ಆದರೆ ನೀವು ಅಷ್ಟು ನೇರವಾಗಿ ಕೇಳಿದ್ದೀರಿ. ಆ ಮಾತು ಎಲ್ಲರಿಗೂ ಬರುತ್ತದೆ. ನೀವು ಬರೆದದ್ದನ್ನು ಪೆಟ್ಟಿಗೆ ನೋಡುವುದೇ ಇಲ್ಲ. ತಪ್ಪು ಬರೆದಿದ್ದರೂ ‘ಸರಿ’ ಎಂದೇ ಅನ್ನುತ್ತಿತ್ತು. ಆದರೆ ತಪ್ಪು ಬರೆಯಲು ಆಗದ ಹಾಗೆ ಮೆಟ್ಟಿಲುಗಳನ್ನು ಚಿಕ್ಕ ಚಿಕ್ಕದಾಗಿ ಕಟ್ಟಿದ್ದೇನೆ. ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ವಿದೇಶದಿಂದ ತಂದಿಟ್ಟ ಇಂಥ ಯಂತ್ರವನ್ನು ನೋಡಿದೆ. ಮೇಷ್ಟರಿಲ್ಲದೆ ಕಲಿಸುತ್ತದೆ, ಬೈಯುವುದಿಲ್ಲ, ಬೇಸರಪಡುವುದಿಲ್ಲ, ಕಲಿಯುವವರ ವೇಗಕ್ಕೆ ಕಾಯುತ್ತದೆ. ಮುಂದೆ ಒಂದು ಕಾಲಕ್ಕೆ ಇಂಥ ಯಂತ್ರಗಳು ನಮ್ಮ ಮಾತಿಗೆ ಮಾತು ಕೂಡಿಸಿ ಉತ್ತರ ಹೇಳುತ್ತವೆ ಎಂದು ಅಲ್ಲಿದ್ದವರು ಹೇಳಿದರು. ನಾನು ಇಲ್ಲಿಯ ಬಡಗಿಯಿಂದ ಮರದಲ್ಲಿ ಮೂರು ಮಾಡಿಸಿದೆ. ಅವುಗಳಲ್ಲಿ ಒಂದು ನಿಮ್ಮಲ್ಲಿದೆ.

ನೀವು ಏಕೆ ಕಲಿಯುತ್ತಿದ್ದೀರಿ, ಬರೆಯಿರಿ. ಸುರುಳಿ ಬರೆಯುವಾಗ ನಾನು ಕೇಳುವುದೆಲ್ಲ ನನಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ. ಇದಕ್ಕೆ ಉತ್ತರ ನನಗೆ ಗೊತ್ತಿಲ್ಲ.

ತಮ್ಮ ವಿಶ್ವಾಸಿ,
ಶ್ರೀರಾಮಪ್ಪ


ಊರಿಗಾಂ,
೧-೧೧-೧೯೬೪

ಮೇಷ್ಟ್ರಿಗೆ,

ಎಲ್ಲರಿಗೂ ಬರುತ್ತದೆ ಎಂದು ತಿಳಿದ ಮೇಲೆ ಕೆಲವು ದಿನ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಆಮೇಲೆ ಹೋದೆ. ನಮ್ಮ ಲೈನಿನ ಮಾರಿಯಮ್ಮ ನಲ್ಲಿಯ ಹತ್ತಿರ ಎಲ್ಲರ ಮುಂದೆ, ‘ಇಡ್ಲಿ ಕದಿರಿ ಕಲೆಕ್ಟ್ರು ಆಯ್ತಾಳಂತೆ ಕಣ್ರೇ, ದಾರಿ ಬುಡ್ರೇ’ ಎಂದಳು. ಎಲ್ಲರೂ ನಕ್ಕರು. ಪೆಟ್ಟಿಗೆ ನಗುವುದಿಲ್ಲ. ಮನುಷ್ಯರ ಮುಂದೆ ಆಗಿದ್ದರೆ ‘ಅ’ ಬರೆಯುವ ಮೊದಲೇ ಎದ್ದು ಬಂದುಬಿಡುತ್ತಿದ್ದೆ.

ಏಕೆ ಕಲಿಯುತ್ತೇನೆ ಎಂದು ಕೇಳಿದಿರಿ. ನನಗೆ ಒಬ್ಬಳು ಮಗಳು, ಮುನಿರತ್ನ. ನನ್ನ ಗಂಡ ಮುನಿನಾರಾಯಣಪ್ಪ ಗಣಿಯ ಒಳಗೆ ಕೆಲಸ ಮಾಡುತ್ತಿದ್ದರು. ಎದೆಯ ಕಾಯಿಲೆ ಬಂತು. ಅವರು ತೀರಿಕೊಂಡಾಗ ಮಗಳು ಕೋಲಾರದ ಹಾಸ್ಟೆಲಿನಲ್ಲಿ ಇದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಿದ್ದಳು. ನಾನು ಸುದ್ದಿ ಕಳಿಸಲಿಲ್ಲ. ಪರೀಕ್ಷೆ ಮುಗಿದ ಮೇಲೆ ಕಳಿಸಿದೆ. ಅವಳು ಬಂದಾಗ ಗುಂಡಿಯ ಮೇಲಿನ ಮಣ್ಣು ಒಣಗಿತ್ತು. ಅವಳು ಪಾಸಾದಳು. ಈಗ ಹಾಸನದಲ್ಲಿ ನರ್ಸು. ಪ್ರತಿ ತಿಂಗಳು ಮನಿಯಾರ್ಡರು ಬರುತ್ತದೆ. ಅವಳು ಬರುವುದಿಲ್ಲ. ಆರು ವರ್ಷ ಆಯಿತು. ಅವಳಿಗೆ ನಾನೇ ಕಾಗದ ಬರೆಯಬೇಕು.

ಆದರೆ ಒಂದು ಕಷ್ಟ ಇದೆ. ಪೆಟ್ಟಿಗೆಯ ಸುರುಳಿಯಲ್ಲಿ ಮಾತು ಇರುತ್ತದೆ, ನಡುವೆ ಒಂದು ಸ್ಥಳ ಬಿಟ್ಟಿರುತ್ತದೆ. ಅದನ್ನು ತುಂಬುತ್ತೇನೆ. ಮಗಳಿಗೆ ಬರೆಯಲು ಕುಳಿತರೆ ಕಾಗದವೆಲ್ಲಾ ಬಿಟ್ಟ ಸ್ಥಳವೇ ಆಗಿದೆ. ಎಲ್ಲಿಂದ ತುಂಬಲಿ?

ಇನ್ನೊಂದು ಕೇಳಬೇಕು. ನೀವು ‘ಹೋಗು’ ಎಂದು ಬರೆಯುತ್ತೀರಿ. ನಾವು ‘ಓಗು’ ಎನ್ನುತ್ತೇವೆ. ನಾನು ಹಾಗೆ ಬರೆದರೆ ತಪ್ಪೇ?

ಇಂತಿ,
ಕದಿರಮ್ಮ


ಬಂಗಾರಪೇಟೆ,
೨೫-೧೧-೧೯೬೪

ಕದಿರಮ್ಮನವರಿಗೆ,

ತಪ್ಪು. ‘ಹೋಗು’ ಎಂದೇ ಬರೆಯಬೇಕು. ನಿಮ್ಮ ಮಗಳು ಓದಿದವಳು. ನಿಮ್ಮ ಬರವಣಿಗೆ ಅವಳು ತಲೆಯೆತ್ತಿ ನಾಲ್ಕು ಜನರಿಗೆ ತೋರಿಸುವಂತೆ ಇರಬೇಕು.

ನೀವು ಹೇಳಿದ ಕಷ್ಟದ ಬಗ್ಗೆ ಈ ಮೂರು ವಾರ ಯೋಚಿಸಿದೆ. ನಿಮಗಾಗಿಯೇ ಒಂದು ಸುರುಳಿ ಬರೆದು ಪೆರುಮಾಳ್ ಅವರಿಗೆ ಕಳಿಸಿದ್ದೇನೆ. ಅದರಲ್ಲಿ ಒಂದು ಪೂರ್ತಿ ಕಾಗದ ಇದೆ. ಹೆಸರು, ಊರು, ವರ್ಷಗಳಿಗೆ ಮಾತ್ರ ಸ್ಥಳ ಬಿಟ್ಟಿದ್ದೇನೆ. ಒಂದೊಂದು ಸಾಲು ಬಂದ ಹಾಗೆ ತುಂಬಿ, ಹಾಳೆಯ ಮೇಲೆ ನಕಲು ಮಾಡಿಕೊಳ್ಳಿ. ಎಲ್ಲೂ ತಡೆಯುವುದಿಲ್ಲ.

ಇದನ್ನು ಬರೆಯುವುದು ನನಗೂ ಹಿತವಾಗಿತ್ತು. ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಮನೆ ಸ್ಟೇಷನ್ನಿನ ಹಿಂದೆ. ನಿಮ್ಮ ಕಡೆಗೆ ಹೋಗುವವರು ಇಲ್ಲಿ ಇಳಿದು ಮಾರಿಕುಪ್ಪಂ ಗಾಡಿ ಹಿಡಿಯುತ್ತಾರೆ; ಆ ಗಲಾಟೆ ಮುಗಿದರೆ ಸದ್ದೇ ಇರುವುದಿಲ್ಲ. ಒಬ್ಬ ಮಗಳಿಗೆ ಏನು ಬರೆಯಬಹುದು ಎಂದು ಆ ಹೊತ್ತಿನಲ್ಲಿ ಕುಳಿತು ಯೋಚಿಸಿದೆ.

ತಮ್ಮ ವಿಶ್ವಾಸಿ,
ಶ್ರೀರಾಮಪ್ಪ


ಊರಿಗಾಂ,
೧೦-೧೨-೧೯೬೪

ಪ್ರೀತಿಯ ಪುತ್ರಿ ಮುನಿರತ್ನಳಿಗೆ,

ನಿನ್ನ ತಾಯಿ ಕದಿರಮ್ಮಳ ಅನಂತ ಆಶೀರ್ವಾದಗಳು. ನಾನು ಅಕ್ಷರ ಕಲಿತು ಸ್ವಹಸ್ತದಿಂದ ಬರೆಯುತ್ತಿರುವ ಈ ಪತ್ರವು ನಿನಗೆ ಆಶ್ಚರ್ಯವನ್ನೂ ಆನಂದವನ್ನೂ ಉಂಟುಮಾಡೀತೆಂದು ನಂಬಿದ್ದೇನೆ. ನಿನ್ನ ಅಗಲಿಕೆಯ ಆರು ವರ್ಷಗಳು ನನಗೆ ಆರು ಯುಗಗಳಂತೆ ಕಳೆದಿವೆ. ನಿನ್ನ ಪೂಜ್ಯ ತಂದೆಯವರ ಅಂತ್ಯಕಾಲದಲ್ಲಿ ನಿನಗೆ ವಾರ್ತೆಯನ್ನು ತಿಳಿಸದೆ ನಾನು ಮಹಾಪರಾಧವನ್ನು ಎಸಗಿದೆ. ನಿನ್ನ ವಿದ್ಯಾಭ್ಯಾಸದ ಮೇಲಿನ ಮೋಹವೇ ಅದಕ್ಕೆ ಕಾರಣ. ತಾಯಿಯ ಹೃದಯವನ್ನು ಅರಿತು ನನ್ನನ್ನು ಕ್ಷಮಿಸು. ಹಾಸನದಿಂದ ಒಮ್ಮೆ ಬಂದು ನನ್ನ ಕಣ್ಣುಗಳಿಗೆ ತಂಪನ್ನೀಯಬೇಕಾಗಿ ಪ್ರಾರ್ಥಿಸುವ,

ನಿನ್ನ ತಾಯಿ,
ಕದಿರಮ್ಮ


ಹಾಸನ,
೨-೧-೧೯೬೫

ಅಮ್ಮನಿಗೆ,

ಕಾಗದ ತಲುಪಿತು. ಅಕ್ಷರ ನಿನ್ನದೇ ಎಂದು ಬರೆದಿದ್ದೀಯ. ನಂಬುತ್ತೇನೆ. ಒತ್ತಿ ಒತ್ತಿ ಬರೆದು ಹಾಳೆಯ ಹಿಂದೆಲ್ಲಾ ಉಬ್ಬು ಬಂದಿದೆ, ಅದು ನಿನ್ನ ಕೈಯೇ.

ಆದರೆ ಮಾತು ಯಾರದು? ಪುತ್ರಿ, ಅಂತ್ಯಕಾಲ, ಮಹಾಪರಾಧ. ನಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡಿದ್ದುಂಟಾ? ಅಪ್ಪನನ್ನು ನೀನು ಯಾವತ್ತು ‘ಪೂಜ್ಯ’ ಅಂದಿದ್ದೆ? ನೀನು ಯಾರಿಗೂ ‘ಕ್ಷಮಿಸು’ ಅಂದದ್ದನ್ನು ನಾನು ಕೇಳಿಲ್ಲ. ಕೇಳಬೇಕು ಅಂತ ಕಾದಿದ್ದೂ ಇಲ್ಲ.

ನನ್ನ ಪರೀಕ್ಷೆ ಮುಗಿದ ಮೇಲೆ ಪೆರುಮಾಳ್ ಮಾಮನ ಕೈಲಿ ಕಾಗದ ಬರೆಸಿದ್ದೆ. ‘ತಂದೆ ಕಾಲವಾದರು, ಹೊರಟು ಬರುವುದು.’ ಅಷ್ಟೇ ಇತ್ತು. ನಾನು ಬಂದಾಗಲೂ ನೀನು ಏನೂ ಹೇಳಲಿಲ್ಲ, ಉಣ್ಣು ಅಂದೆ. ಇಲ್ಲಿ ದಿನವೂ ಯಾರದೋ ಅಪ್ಪನ ಮಂಚದ ಪಕ್ಕದಲ್ಲಿ ನಿಲ್ಲುತ್ತೇನೆ. ಕೊನೆಗೆ ನೀರು ಕೇಳಿದರಾ, ಯಾರ ಹೆಸರು ಹೇಳಿದರು, ಎಲ್ಲಾ ಅವರ ಮಕ್ಕಳಿಗೆ ನಾನು ಹೇಳುತ್ತೇನೆ. ನನ್ನ ಅಪ್ಪನದು ನನಗೆ ಗೊತ್ತಿಲ್ಲ.

ಈಗ ಬರೆಯಲು ಕಲಿತೂ ಬೇರೆಯವರ ಮಾತನ್ನೇ ಕಳಿಸಿದ್ದೀಯ.

ಮುನಿರತ್ನ


ಊರಿಗಾಂ,
೨೦-೧-೧೯೬೫

ಮೇಷ್ಟ್ರಿಗೆ,

ಮಗಳ ಕಾಗದ ಇದರ ಜೊತೆ ಇಟ್ಟಿದ್ದೇನೆ. ಓದಿ ತಿರುಗಿ ಕಳಿಸಿ.

ನಿಮ್ಮ ಮೇಲೆ ಕೋಪ ಇಲ್ಲ. ಸುರುಳಿಯಲ್ಲಿ ಬಂದ ಮಾತು ನನಗೆ ಅರ್ಥವಾಗಿರಲಿಲ್ಲ. ಚೆನ್ನಾಗಿದೆ ಅನ್ನಿಸಿತು. ನನ್ನ ಮಾತಿಗಿಂತ ಚೆನ್ನಾಗಿದೆ ಅನ್ನಿಸಿತು. ಅದಕ್ಕೇ ಬರೆದೆ. ನನ್ನ ಮಾತು ಕಾಗದಕ್ಕೆ ಹಾಕುವಂಥದ್ದಲ್ಲ ಎಂದುಕೊಂಡಿದ್ದೆ.

ನಾನು ಇನ್ನು ವಾಚನಾಲಯಕ್ಕೆ ಹೋಗುವುದಿಲ್ಲ.

ಕದಿರಮ್ಮ


ಬಂಗಾರಪೇಟೆ,
೧೪-೩-೧೯೬೫

ಕದಿರಮ್ಮನವರಿಗೆ,

ನಿಮ್ಮ ಮಗಳ ಕಾಗದವನ್ನು ಹಿಂದಿರುಗಿಸುತ್ತಿದ್ದೇನೆ. ಇಷ್ಟು ದಿನ ಇಟ್ಟುಕೊಂಡದ್ದಕ್ಕೆ ಕಾರಣ, ಏನು ಬರೆಯಬೇಕೆಂದು ನನಗೇ ತಿಳಿಯಲಿಲ್ಲ.

ಹಿಂದಿನ ಭಾನುವಾರ ಊರಿಗಾಂಗೆ ಬಂದಿದ್ದೆ. ನಿಮ್ಮ ಮನೆ ಹುಡುಕಲು ಧೈರ್ಯ ಸಾಲದೆ ವಾಚನಾಲಯದಲ್ಲಿ ಕುಳಿತೆ. ಪೆರುಮಾಳ್ ಹೇಳಿದರು: ‘ಆಯಮ್ಮ ಬರಲ್ಲ ಸಾರ್. ಇಡ್ಲಿ ಬುಟ್ಟಿ ಹೊತ್ಕೊಂಡು ಈ ಬಾಗಿಲ ಮುಂದೇ ಹೋಗುತ್ತೆ, ಒಳಗೆ ನೋಡಲ್ಲ.’ ಕೊನೆಯ ಗಾಡಿಗೆ ಹಿಂತಿರುಗಿದೆ.

ಇಲ್ಲಿ ನಡೆದದ್ದೊಂದನ್ನು ಹೇಳಬೇಕು. ಇನ್ನೊಂದು ಪೆಟ್ಟಿಗೆ ಸ್ಟೇಷನ್ನಿನ ಹಮಾಲರ ಕೋಣೆಯಲ್ಲಿದೆ. ಅಲ್ಲಿ ಸೊಣ್ಣಪ್ಪ ಎಂಬವರು ಎಲ್ಲರಿಗಿಂತ ಬೇಗ ಸುರುಳಿಗಳನ್ನು ಮುಗಿಸಿದರು. ನಿಮ್ಮ ಮಗಳ ಕಾಗದ ಓದಿದ ಮೇಲೆ ಒಂದು ದಿನ ಪೆಟ್ಟಿಗೆಯನ್ನು ಬದಿಗಿಟ್ಟು, ಅವರಿಗೆ ಒಂದು ಖಾಲಿ ಹಾಳೆ ಕೊಟ್ಟು, ‘ಇವತ್ತು ಬೆಳಿಗ್ಗೆ ಮನೆಯಿಂದ ಹೊರಟಾಗ ಏನೇನು ನೋಡಿದಿರಿ, ಬರೆಯಿರಿ’ ಎಂದೆ. ಸೀಸದ ಕಡ್ಡಿ ಹಿಡಿದು ಬಹಳ ಹೊತ್ತು ಕುಳಿತರು. ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ, ‘ಸಾರ್, ಬಿಟ್ಟ ಸ್ಥಳ ಎಲ್ಲೈತೆ?’ ಎಂದರು.

ಅವರು ತಮಾಷೆ ಮಾಡಲಿಲ್ಲ. ಸಂಜೆ ಚಾವಡಿಯಲ್ಲಿ ಕುಳಿತು ಕಥೆ ಹೇಳಿದರೆ ಗಾಡಿ ತಪ್ಪಿಸಿಕೊಂಡು ಕೇಳುವಂಥ ಮನುಷ್ಯ ಅವರು. ಸುರುಳಿ ಮುಗಿಸುವ ಹೊತ್ತಿಗೆ, ಬರೆಯುವುದು ಎಂದರೆ ನನ್ನ ತಲೆಯಲ್ಲಿರುವುದನ್ನು ಊಹಿಸುವುದು ಎಂದು ಅವರಿಗೆ ಆಗಿಹೋಗಿತ್ತು. ಪೆಟ್ಟಿಗೆಗೆ ಅವರ ಕಥೆ ಬೇಕಾಗಿರಲಿಲ್ಲ. ನಿಮ್ಮದೂ ಬೇಕಾಗಿರಲಿಲ್ಲ.

ಪೆಟ್ಟಿಗೆಯನ್ನು ನಾನು ತೆಗೆದುಹಾಕುವುದಿಲ್ಲ. ಅದಿಲ್ಲದಿದ್ದರೆ ನೀವು ‘ಅ’ ಬರೆಯುತ್ತಿರಲಿಲ್ಲ ಎಂದು ನೀವೇ ಹೇಳಿದ್ದೀರಿ. ಆದರೆ ಅಕ್ಷರ ಬಂದ ಮೇಲೆ ಅದರ ಕೆಲಸ ಮುಗಿಯಿತು. ಆಮೇಲೂ ನಿಮ್ಮ ಕೈಯನ್ನು ನಾನೇ ಹಿಡಿದು ಬರೆಸಿದೆ. ಇನ್ನು ಮೇಲೆ ಪ್ರತಿ ಸುರುಳಿ ಮುಗಿದ ಮೇಲೆ ಒಬ್ಬರ ಎದುರು ಒಬ್ಬರು ಕುಳಿತು ತಮಗೆ ತೋಚಿದ್ದನ್ನು ಬರೆದು ಓದಬೇಕೆಂದು ಮಾಡಿದ್ದೇನೆ. ಮೇಷ್ಟರು ಬೇಡ ಎಂದು ಪೆಟ್ಟಿಗೆ ಮಾಡಿದೆ. ಕೇಳುವವರು ಬೇಕು.

ನೀವು ಮಗಳಿಗೆ ಬರೆಯಿರಿ. ಅವಳು ಎದುರಿಗೆ ಒಲೆಯ ಹತ್ತಿರ ಬಂದು ಕುಳಿತಿದ್ದರೆ ಹೇಗೆ ಹೇಳುತ್ತಿದ್ದಿರೋ ಹಾಗೆ ಬರೆಯಿರಿ. ‘ಓಗು’ ಎಂದೇ ಬರೆಯಿರಿ.

ಉತ್ತರ ಬಂದರೆ ನನಗೊಂದು ನಕಲು ಕಳಿಸುವಿರಾ? ಪೆಟ್ಟಿಗೆಗಳಿಗೆ ಹಣ ಕೊಟ್ಟ ಬೆಂಗಳೂರಿನ ಸಮಿತಿಗೆ ಅವುಗಳ ಬಗ್ಗೆ ವರದಿ ಬರೆಯಬೇಕಾಗಿದೆ. ಅದೂ ಅಲ್ಲದೆ, ತಿಳಿದುಕೊಳ್ಳಬೇಕೆಂದು ಆಸೆ.

ಶ್ರೀರಾಮಪ್ಪ


ಊರಿಗಾಂ,
೨೫-೪-೧೯೬೫

ರತ್ನೀ,

ಎಂಗಿದ್ಯಾ. ನಾನು ಇದೀನಿ.

ಮುಂಚೆ ಬರೆದ ಕಾಗದ ಮೇಷ್ಟ್ರದು. ಅವರು ಒಳ್ಳೇರು. ಆದ್ರೆ ಅವರಿಗೆ ನಿಮ್ಮಪ್ಪ ಗೊತ್ತಿಲ್ಲ. ಇದು ನಂದು. ತಪ್ಪಿರ್ತದೆ. ಓದ್ಕೋ.

ನೀನು ಕೇಳಿದ್ದು ಏಳ್ತೀನಿ. ಆ ವಾರ ನಿಮ್ಮಪ್ಪಂಗೆ ಒಳಗೆ ಮಲಗಿದ್ರೆ ಉಸಿರು ಕಟ್ತಿತ್ತು. ಮಂಚ ಬಾಗಿಲಾಚೆ ಆಕಿದ್ದೆ. ದಿಂಬು ಸಾಲ್ದೆ ಅಕ್ಕಿ ಮೂಟೆ ಬೆನ್ನಿಗೆ ಕೊಟ್ಟಿದ್ದೆ. ಮಾತು ಕಮ್ಮಿ. ಶಿಫ್ಟಿನ ಕೂಗು ಆದಾಗೆಲ್ಲ ಎದ್ದು ಓಗಕ್ಕೆ ನೋಡೋದು. ‘ಬುಡು, ನಿಂಗೆ ರಜ ಐತೆ’ ಅಂತ ಏಳಿ ಮಲಗಿಸ್ತಿದ್ದೆ.

ಆವತ್ತು ಸಾಯಂಕಾಲ ಎಚ್ಚರ ಆಯ್ತು. ನನ್ನ ಮುಖ ನೋಡ್ತು. ‘ರತ್ನೀ, ಬಂದ್ಯಾ’ ಅಂತು. ನಾನಲ್ಲ ಅವಳು ಅನ್ನಕ್ಕೆ ಬಾಯಿ ಬರಲಿಲ್ಲ ಕಣೇ. ‘ಊಂ ಅಪ್ಪ’ ಅಂದೆ. ‘ಓದ್ತಾ ಇದ್ಯಾ’ ಅಂತು. ‘ಓದ್ತಾ ಇದೀನಿ’ ಅಂದೆ. ‘ಎಲ್ಲಿ, ಓದು, ಕೇಳ್ತೀನಿ’ ಅಂತು.

ನಂಗೆ ಓದಕ್ಕೆ ಎಲ್ಲಿ ಬರ್ತದೆ. ಒಳಗೋಗಿ ನೀನು ಬುಟ್ಟೋಗಿದ್ದ ಅಳೇ ಪುಸ್ತಕ ತಂದೆ. ತಲೆ ಯಾವುದು ಕಾಲು ಯಾವುದು ಅಂತಾನೂ ತಿಳೀದು. ತೆಗೆದು ಇಡ್ಕೊಂಡೆ. ನೀನು ಚಿಕ್ಕೋಳಿದ್ದಾಗ ಜಗಲಿ ಮೇಲೆ ಕೂತು ರಾಗವಾಗಿ ಓದ್ತಿದ್ಯಲ್ಲ, ಅಸ ಉಲ್ಲು ತಿಂತದೆ, ಅಸ ಆಲು ಕೊಡ್ತದೆ ಅಂತ, ಅದೊಂದೇ ನಂಗೆ ಗೆಪ್ತಿ ಇದ್ದಿದ್ದು. ಅದನ್ನೇ ನಿನ್ನಂಗೆ ದನಿ ಮಾಡಿ ಏಳ್ದೆ. ಮುಗಿದ್ಮೇಲೆ ಮತ್ತೆ ಏಳ್ದೆ. ಆಳೆ ತಿರುಗಿಸ್ತಾ ತಿರುಗಿಸ್ತಾ ಏಳ್ದೆ. ಮಾರಿಯಮ್ಮ ನೀರು ತಗೊಂಡು ಬಂದೋಳು ಬಿಂದಿಗೆ ಇಳಿಸಿ ನೋಡ್ಕೊಂಡು ನಿಂತ್ಕೊಂಡ್ಳು. ಆವತ್ತು ಅವಳೂ ನಗಲಿಲ್ಲ.

ನಿಮ್ಮಪ್ಪ ಕಣ್ಣು ಮುಚ್ಚಿ ಕೇಳ್ತು. ‘ಶಾನೆ ಚೆನ್ನಾಗಿ ಓದ್ತೀಯ’ ಅಂತು. ನನ್ನ ಮುಂಗೈ ಮೇಲೆ ಕೈ ಮಡಗಿತ್ತು. ನೀರು ಕೇಳಲಿಲ್ಲ. ನಾನು ಓದ್ತಾನೇ ಇದ್ದೆ. ಕೈ ತಣ್ಣಗಾದಮೇಲೂ ಒಸಿ ಒತ್ತು ಓದ್ದೆ, ನಿಲ್ಲಿಸಕ್ಕೆ ಎದರಿಕೆ ಆಯ್ತು.

ನಿಂಗೆ ಯಾಕೆ ಏಳಲಿಲ್ಲ ಅಂದ್ರೆ, ನೀನು ಬಂದು ಆಡಬೇಕಾದ ಮಾತು ನಾನು ಆಡಿಬುಟ್ಟಿದ್ದೆ. ನಿಂಗೆ ಸೇರಬೇಕಾದ ಶಬಾಸ್ಗಿರಿ ನಾನು ಈಸ್ಕೊಂಡುಬುಟ್ಟಿದ್ದೆ. ಅದನ್ನ ಎಂಗೆ ಏಳೋದು. ಉಣ್ಣು ಅಂದೆ.

ಮೊನ್ನೆ ಆ ಪುಸ್ತಕ ತೆಗೆದು ಓದ್ದೆ. ಅದ್ರಾಗೆ ಅಸ ಇಲ್ಲ. ನದಿಗಳು ಅವೆ.

ಸುದ್ದಿ ಕಳಿಸದೇ ಇದ್ದಿದ್ದಕ್ಕೆ ಕ್ಷಮಿಸು ಅಂತ ಬರೆಯಲ್ಲ. ಪರೀಕ್ಷೆ ಬುಟ್ಟು ಬಂದಿದ್ರೆ ನೀನೂ ಈ ಬುಟ್ಟಿ ಒರ್ತಿದ್ದೆ. ಇವತ್ತಾದ್ರೂ ನಾನು ಅಂಗೇ ಮಾಡೋದು. ನೀನು ಬೈಯ್ಕೋ. ಬಾ ಅಂತಾನೂ ಬರೆಯಲ್ಲ. ನಿಂಗೆ ತಿಳಿದಂಗೆ ಮಾಡು.

ಅಮ್ಮ


ಊರಿಗಾಂ,
೧೩-೬-೧೯೬೫

ಮೇಷ್ಟ್ರಿಗೆ,

ಹಾಸನದಿಂದ ಕಾಗದ ಬಂತು. ನೀವು ನಕಲು ಕೇಳಿದ್ದಿರಿ. ನಾನು ಕಳಿಸುವುದಿಲ್ಲ. ತಪ್ಪು ತಿಳಿಯಬೇಡಿ.

ಪೋಸ್ಟ್‌ಮನ್ ಕಾಗದ ಕೊಟ್ಟು, ಮಗಳ ಹಿಂದಿನ ಕಾಗದದವರೆಗೆ ಅವನೇ ಓದಿ ಹೇಳಿದ ಅಭ್ಯಾಸದಿಂದ, ಹೋಗದೆ ಬಾಗಿಲಲ್ಲೇ ನಿಂತ. ‘ಒಡೆದು ಓದ್ಲಾ ಅವ್ವಾ?’ ಎಂದ. ‘ಬ್ಯಾಡ, ನೀನು ನಡಿ’ ಎಂದೆ. ಬುಟ್ಟಿ ಇಳಿಸಿ, ಕೈ ತೊಳೆದು, ಬಾಗಿಲು ಹಾಕಿಕೊಂಡು ಓದಿದೆ. ನಿಧಾನವಾಗಿ ಓದಿದೆ. ಕೆಲವು ಕಡೆ ತಡೆದು ತಡೆದು ಓದಿದೆ. ಮಾರಿಯಮ್ಮ ಬಾಗಿಲು ತಟ್ಟಿ, ‘ಏನಂತೆ, ಬರ್ತಾಳಂತಾ?’ ಎಂದು ಕೂಗಿದಳು. ನಾನು ಮೊದಲಿನಿಂದ ಮತ್ತೆ ಓದಿದೆ.

ಮದುವೆಯಾಗಿ ಬೂದಿಕೋಟೆಯಿಂದ ಈ ಲೈನಿಗೆ ಬಂದ ಮೇಲೆ ನನಗೆ ಬಂದ ಕಾಗದಗಳನ್ನೆಲ್ಲಾ ನನಗಿಂತ ಮೊದಲು ಬೇರೆಯವರು ತಿಳಿದುಕೊಂಡರು. ನನ್ನ ತಾಯಿ ಸತ್ತದ್ದು ಕಾಗದ ಓದುತ್ತಿದ್ದವರ ಮುಖ ನೋಡಿ ನನಗೆ ಗೊತ್ತಾಯಿತು. ಮಗಳು ಹಾಸ್ಟೆಲಿನಲ್ಲಿ ಅತ್ತದ್ದು ನಲ್ಲಿಯ ಹತ್ತಿರ ಎಲ್ಲರಿಗೂ ಗೊತ್ತಿತ್ತು.

ಈ ಕಾಗದದಲ್ಲಿ ಇರುವುದು ಬರೆದ ಅವಳಿಗೆ ಗೊತ್ತು, ಓದಿದ ನನಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ. ನಿಮ್ಮ ವರದಿಯಲ್ಲಿ ಇದನ್ನು ಬೇಕಾದರೆ ಬರೆಯಿರಿ.

ಇಂತಿ,
ಕದಿರಮ್ಮ